ಹದಿನೈದು ತಿರುವು ತಪ್ಪಿಸಿಕೊಂಡ ಬೆಟ್ಟ

ಆಗುಂಬೆ ಘಾಟಿ ಇಳಿದವರಿಗೆಲ್ಲ ಹದಿನಾಲ್ಕು ತಿರುವುಗಳ ಲೆಕ್ಕ ಗೊತ್ತು. ಬಸ್ಸಿನ ಕಿಟಕಿ ಪಕ್ಕ ಕೂತ ಮಕ್ಕಳು ಒಂದೊಂದೇ ಎಣಿಸುತ್ತಾರೆ. ಹೊಟ್ಟೆ ತೊಳಸುವವರು ನಿಂಬೆಹಣ್ಣು ಮೂಸುತ್ತಾ ಸೋಮೇಶ್ವರ ಯಾವಾಗ ಬಂದೀತೋ ಎಂದು ಕಾಯುತ್ತಾರೆ. ಕಡಿದಾದ ಬೆಟ್ಟಕ್ಕೆ ಗಾಡಿ ಹತ್ತಿಸಬೇಕೆಂದರೆ ರಸ್ತೆಯನ್ನು ಹೀಗೆ ಅತ್ತಿಂದಿತ್ತ ಮಡಚುವುದೇ ಎಂಜಿನಿಯರುಗಳ ಹಳೆಯ ಉಪಾಯ. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ರಾಕಿ ಪರ್ವತ ದಾಟುವ ರಸ್ತೆಗೆ ನಕ್ಷೆ ಹಾಕಿದ ಜಾರ್ಜ್ ಗುಡ್‌ವಿನ್ ಕೂಡ ಇದನ್ನೇ ಮಾಡಿದ್ದ. ಆತ ರಾಷ್ಟ್ರೀಯ ಉದ್ಯಾನ ಇಲಾಖೆಯ ಮುಖ್ಯ ಎಂಜಿನಿಯರ್. ಲೋಗನ್ ತೊರೆಯ ಕಣಿವೆಯಿಂದ ಮೇಲಿನ ಲೋಗನ್ ಪಾಸ್ ಎಂಬ ಕಣಿವೆದಾರಿ ತಲುಪಲು ಅವನ ನಕ್ಷೆಯಲ್ಲಿ ಹದಿನೈದು ಹೇರ್‌ಪಿನ್ ತಿರುವುಗಳಿದ್ದವು.

ಅದೇ ಇಲಾಖೆಯಲ್ಲಿದ್ದ ಥಾಮಸ್ ವಿಂಟ್ ಎಂಬ ತರುಣ ಇದನ್ನು ಒಪ್ಪಲಿಲ್ಲ. ಅವನು ಎಂಜಿನಿಯರ್ ಅಲ್ಲ, ಭೂದೃಶ್ಯ ವಿನ್ಯಾಸಕ. ಇಷ್ಟು ತಿರುವು ಕೊರೆದರೆ ಕಣಿವೆಯ ಯಾವ ಮೂಲೆಯಲ್ಲಿ ನಿಂತರೂ ಗಾಯವೇ ಕಾಣುತ್ತದೆ, ಗಣಿ ತೋಡಿ ಬಿಟ್ಟುಹೋದ ಜಾಗದ ಹಾಗಾಗುತ್ತದೆ ಎಂಬುದು ಅವನ ತಕರಾರು. ಅವನು ಸೂಚಿಸಿದ ದಾರಿ ಬೇರೆ. ಮ್ಯಾಕ್‌ಡೊನಾಲ್ಡ್ ತೊರೆಯ ಪಕ್ಕದಲ್ಲೇ ಇನ್ನಷ್ಟು ದೂರ ಹೋಗುವುದು, ಅಲ್ಲಿ ಒಂದೇ ಒಂದು ದೊಡ್ಡ ತಿರುವು ತೆಗೆದುಕೊಳ್ಳುವುದು, ಆಮೇಲೆ ‘ಗಾರ್ಡನ್ ವಾಲ್’ ಎಂಬ ಬಂಡೆಗೋಡೆಯ ಎದೆಯ ಮೇಲೆ ಶೇ 6ರಷ್ಟು ಏರಿನಲ್ಲಿ ಒಂದೇ ಸಮನೆ ಮೇಲೆ ಸಾಗುವುದು. ಖರ್ಚು ಹೆಚ್ಚು, ಕೆಲಸ ಪ್ರಾಣಾಂತಿಕ. ಆದರೆ ಕೆಳಗಿನಿಂದ ನೋಡಿದವರಿಗೆ ರಸ್ತೆ ಇದೆಯೆಂಬುದೇ ಸುಲಭವಾಗಿ ಗೊತ್ತಾಗುವುದಿಲ್ಲ. ಇಲಾಖೆಯ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾಥರ್ ಕೊನೆಗೆ ವಿಂಟ್‌ನ ಮಾತಿಗೆ ಒಲಿದರು. ಗುಡ್‌ವಿನ್ 1925ರಲ್ಲಿ ಇಲಾಖೆ ಬಿಟ್ಟ.

ಇಂದು ‘ಗೋಯಿಂಗ್ ಟು ದ ಸನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ, ಸುಮಾರು 80 ಕಿಲೋಮೀಟರ್ ಉದ್ದದ ಈ ರಸ್ತೆಯಲ್ಲಿ ಲಕ್ಷಾಂತರ ಜನ ಗೈಡ್ ಇಲ್ಲದೆ ತಮ್ಮ ತಮ್ಮ ಕಾರಿನಲ್ಲಿ ಹೋಗುತ್ತಾರೆ. ಗೈಡ್ ಬೇಕಾಗುವುದಿಲ್ಲ. ಯಾವ ಶಿಖರ ಯಾವಾಗ ಎದುರಾಗಬೇಕು, ಕಾಡು ಎಲ್ಲಿ ಮುಗಿದು ಬಯಲು ಬೀಳಬೇಕು, ನೀರಿನ ಸದ್ದು ಯಾವ ತಿರುವಿನಲ್ಲಿ ಕೇಳಬೇಕು ಎಂಬುದನ್ನೆಲ್ಲ ನೂರು ವರ್ಷಗಳ ಹಿಂದೆಯೇ ನಕ್ಷೆಯ ಮೇಲೆ ಯೋಚಿಸಿಟ್ಟಿದ್ದಾರೆ. ಅಲ್ಲಿ ಸ್ಟಿಯರಿಂಗ್ ಮಾತ್ರ ನಮ್ಮ ಕೈಯಲ್ಲಿರುತ್ತದೆ; ತೋರಿಸುವ ಕೆಲಸ ವಿಂಟ್‌ನದು.

ಗ್ಲೇಸಿಯರ್ ಉದ್ಯಾನ ಹುಟ್ಟಿದ್ದು 1910ರಲ್ಲಿ. ಕೆನಡಾ ಗಡಿಗೆ ತಾಗಿರುವ ಇದರ ವಿಸ್ತೀರ್ಣ ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಆಗ ಅಲ್ಲಿಗೆ ಹೋಗುವವರು ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಯ ರೈಲಿನಲ್ಲಿ ಬರುತ್ತಿದ್ದರು, ಅದೇ ಕಂಪನಿ ಕಟ್ಟಿಸಿದ ಹೋಟೆಲುಗಳಲ್ಲಿ ಇಳಿದುಕೊಳ್ಳುತ್ತಿದ್ದರು, ಅಲ್ಲಿಂದ ಮುಂದೆ ಕುದುರೆ ಏರಿ ದಿನಗಟ್ಟಲೆ ಬೆಟ್ಟ ಸುತ್ತುತ್ತಿದ್ದರು. ಅಂದರೆ ಉದ್ಯಾನ ಇದ್ದದ್ದು ಹಣವೂ ಬಿಡುವೂ ಇದ್ದವರಿಗೆ. ಕಾರು ಅಗ್ಗವಾದಂತೆ ಸಾಮಾನ್ಯರಿಗೂ ಒಳಗೆ ಬರಲು ದಾರಿ ಬೇಕೆಂಬ ಒತ್ತಾಯ ಬಂತು. ಹತ್ತು ಕಡೆ ರಸ್ತೆ ಕೊರೆಯುವ ಬದಲು ಪರ್ವತವನ್ನು ಅಡ್ಡಲಾಗಿ ದಾಟುವ ಒಂದೇ ಒಂದು ಒಳ್ಳೆಯ ರಸ್ತೆ ಸಾಕು ಎಂದು ಮ್ಯಾಥರ್ ಪಟ್ಟು ಹಿಡಿದರು. ಉದ್ಯಾನದೊಳಗೆ ಪೂರ್ವ-ಪಶ್ಚಿಮ ದಾಟುವ ಎರಡನೆಯ ರಸ್ತೆ ಇಂದಿಗೂ ಇಲ್ಲ. ಆ ಹಟಕ್ಕೆ ಕೈಮುಗಿಯಬೇಕು ಎಂದು ನನಗನಿಸುತ್ತದೆ, ಇವತ್ತಿನ ಎಲ್ಲ ನೂಕುನುಗ್ಗಲಿಗೆ ಅದೇ ಕಾರಣವಾಗಿದ್ದರೂ.

1924ರ ಶರತ್ಕಾಲದಲ್ಲಿ ಫ್ರಾಂಕ್ ಕಿಟ್ರೆಜ್ ಎಂಬ ಎಂಜಿನಿಯರ್ ಸರ್ವೆಗೆ ಇಳಿದ. ಹಿಮ ಬೀಳುವ ಮೊದಲು ಅಳತೆ ಮುಗಿಯಬೇಕಿತ್ತು. ಅವನ ಆಳುಗಳು ಬೆಳಿಗ್ಗೆ ನೂರಾರು ಮೀಟರ್ ಹತ್ತಿ ಕೆಲಸದ ಜಾಗ ಮುಟ್ಟಬೇಕಿತ್ತು. ಅಂಗುಲ ಜಾರಿದರೆ ಪಾತಾಳ. ಸಂಬಳ ಬೇಡ, ಜೀವ ಉಳಿದರೆ ಸಾಕು ಎಂದು ಜನ ಓಡಿಹೋಗುತ್ತಿದ್ದರು. ಮೂರು ತಿಂಗಳಲ್ಲಿ ತಂಡ ಮೂರು ಪಟ್ಟು ಬದಲಾಯಿತು. ಆಮೇಲೆ ವರ್ಷಗಟ್ಟಲೆ ಬಂಡೆ ಸಿಡಿಸುವ ಕೆಲಸ. ಪೂರ್ವ ಭಾಗದ 408 ಅಡಿ ಉದ್ದದ ಸುರಂಗಕ್ಕೆ ಯಂತ್ರ ಸಾಗಿಸಲು ದಾರಿಯೇ ಇಲ್ಲದೆ ಒಡೆದ ಕಲ್ಲನ್ನು ಕೈಯಲ್ಲೇ ಹೊತ್ತು ಹಾಕಿದರು. ಇಡೀ ಕಾಮಗಾರಿಯಲ್ಲಿ ಮೂವರು ಸತ್ತರು. 1932ರ ಕೊನೆಗೆ ರಸ್ತೆ ಕೂಡಿತು. 1933ರ ಜುಲೈ 15ರಂದು ಲೋಗನ್ ಪಾಸ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿ ಉದ್ಘಾಟನೆ ನಡೆಯಿತು. ಅದನ್ನು ನೋಡಲು ಮ್ಯಾಥರ್ ಇರಲಿಲ್ಲ, 1930ರಲ್ಲೇ ತೀರಿಕೊಂಡಿದ್ದರು.

ಇನ್ನು ಪಯಣ. ಪಶ್ಚಿಮದ ವೆಸ್ಟ್ ಗ್ಲೇಸಿಯರ್ ಕಡೆಯಿಂದ ಹೊರಟರೆ ಮೊದಲು ಸಿಗುವುದು ಮ್ಯಾಕ್‌ಡೊನಾಲ್ಡ್ ಸರೋವರ. ಉದ್ದ ಸುಮಾರು 16 ಕಿಲೋಮೀಟರ್, ಆಳ 472 ಅಡಿ. ಹಿಮನದಿ ಉತ್ತು ತೋಡಿದ ಗುಂಡಿಯಲ್ಲಿ ನೀರು ನಿಂತಿದೆ. ದಡದಲ್ಲಿ ಕೆಂಪು, ಹಸಿರು, ನೀಲಿ ಛಾಯೆಯ ಬೆಣಚುಕಲ್ಲುಗಳು. ಅವುಗಳ ಫೋಟೊ ನೀವು ಮೊಬೈಲಿನಲ್ಲಿ ಎಂದೋ ನೋಡಿರುತ್ತೀರಿ. ಬಣ್ಣಕ್ಕೆ ಕಾರಣ ಕಬ್ಬಿಣ. ಕೆಸರು ಕಲ್ಲಾಗುವ ಮೊದಲು ಗಾಳಿಗೆ ಒಡ್ಡಿಕೊಂಡು ತುಕ್ಕು ಹಿಡಿದದ್ದು ಕೆಂಪಾಯಿತು, ಆಳದ ನೀರಿನಡಿ ಆಮ್ಲಜನಕ ಸಿಗದೆ ಉಳಿದದ್ದು ಹಸಿರಾಯಿತು. ಒಂದು ಕಲ್ಲು ಜೇಬಿಗೆ ಹಾಕಿಕೊಳ್ಳೋಣವೇ ಎಂದು ಕೈ ಹೋಗುತ್ತದೆ. ಕಾನೂನು ಬಿಡುವುದಿಲ್ಲ.

ಸರೋವರ ಮುಗಿದ ಮೇಲೆ ದಟ್ಟ ಕಾಡು. ಅವಲಾಂಚ್ ಎಂಬಲ್ಲಿ ಹಲಗೆ ಹಾಸಿದ ಕಾಲುದಾರಿಯೊಂದಿದೆ. ಎತ್ತರದ ಸೀಡರ್, ಹೆಮ್‌ಲಾಕ್ ಮರಗಳ ಬುಡದಲ್ಲಿ ಹಾವಸೆ, ತೇವ, ನಡುಹಗಲಲ್ಲೂ ಮಬ್ಬು. ಶಾಂತಸಾಗರದ ಮೋಡಗಳು ಬೆಟ್ಟಕ್ಕೆ ಡಿಕ್ಕಿ ಹೊಡೆದು ಮಳೆ ಸುರಿಸುವುದು ಈ ಮಗ್ಗುಲಲ್ಲೇ. ಪಶ್ಚಿಮಘಟ್ಟದ ಕರಾವಳಿ ಮಗ್ಗುಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದದ ವಾಹನಗಳು ಇಲ್ಲಿಂದ ಮುಂದೆ ಹೋಗುವಂತಿಲ್ಲ. ಬಂಪರೂ ಸೇರಿ 21 ಅಡಿಗಿಂತ ಉದ್ದ, ಕನ್ನಡಿಯೂ ಸೇರಿ 8 ಅಡಿಗಿಂತ ಅಗಲ, 10 ಅಡಿಗಿಂತ ಎತ್ತರ ಇರಬಾರದು. ಊರಿಂದ ಬಂದ ಅಪ್ಪ-ಅಮ್ಮನನ್ನು ಕೂರಿಸಿಕೊಂಡು, ಅಡುಗೆಮನೆ-ಮಂಚ ಎಲ್ಲ ಇರುವ ದೊಡ್ಡ ಆರ್‌ವಿ ಬಾಡಿಗೆಗೆ ಹಿಡಿದು ಬರುವ ನಮ್ಮವರು ಈ ಅಳತೆಯನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕಾಡು ಸರಿಯುತ್ತಿದ್ದಂತೆ 192 ಅಡಿಯ ಪಶ್ಚಿಮ ಸುರಂಗ ಬರುತ್ತದೆ. ಅದರ ಗೋಡೆಯಲ್ಲಿ ಕಣಿವೆಯ ಕಡೆಗೆ ಎರಡು ಕಿಟಕಿಗಳಿವೆ. ರಸ್ತೆಯ ಸುರಂಗಕ್ಕೆ ಕಿಟಕಿ ಯಾಕೆ? ಎದುರಿನ ಹೆವೆನ್ಸ್ ಪೀಕ್ ಶಿಖರ ಕಾಣಲಿ ಎಂದು. ಅದಾಗಿ ಸ್ವಲ್ಪ ದೂರಕ್ಕೆ ‘ದ ಲೂಪ್’. ವಿಂಟ್ ಇಟ್ಟ ಏಕೈಕ ಹೇರ್‌ಪಿನ್ ತಿರುವು. ಸುತ್ತಲಿನ ಇಳಿಜಾರಿನಲ್ಲಿ 2003ರ ಕಾಡ್ಗಿಚ್ಚಿಗೆ ಸುಟ್ಟ ಮರಗಳ ಬೋಳು ಕಾಂಡಗಳು, ಅವುಗಳ ನಡುವೆ ಬೇಸಿಗೆಯಲ್ಲಿ ಎದೆಮಟ್ಟ ಬೆಳೆದ ಹೂಗಿಡಗಳು.

ಲೂಪ್ ದಾಟಿದ ಮೇಲೆ ಚಾಲಕರ ಎದೆಬಡಿತ ಏರುವುದು ಸಹಜ. ಎಡಕ್ಕೆ ಬಂಡೆ, ಬಲಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಗಾಳಿ. ಅಮೆರಿಕದಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದರಿಂದ ಪಶ್ಚಿಮದಿಂದ ಹತ್ತುವವರಿಗೆ ಪ್ರಪಾತದ ಅಂಚೇ ಪಾಲಿಗೆ ಬರುತ್ತದೆ. ಎತ್ತರದ ಭಯ ಇರುವವರು ಪೂರ್ವದ ಸೇಂಟ್ ಮೇರಿಯಿಂದ ಹೊರಟರೆ ಲೂಪ್‌ವರೆಗೆ ಬಂಡೆ ಸವರಿಕೊಂಡೇ ಇಳಿಯಬಹುದು. ಈ ಎತ್ತರದ ಭಾಗದಲ್ಲಿ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್. ಅದಕ್ಕಿಂತ ಹೆಚ್ಚು ಯಾರೂ ಓಡಿಸುವುದೂ ಇಲ್ಲ, ಮುಂದಿನ ಕಾರಿನವನು ಕ್ಯಾಮೆರಾ ಹೊರಗೆ ಚಾಚಿರುತ್ತಾನೆ.

ಕಣಿವೆಯ ಆಚೆ ಬದಿ ಬರ್ಡ್ ವುಮನ್ ಜಲಪಾತ ಬೀಳುತ್ತಿರುತ್ತದೆ, 492 ಅಡಿ. ಜೋಗವನ್ನು ಮಳೆಗಾಲದಲ್ಲಿ ನೋಡಿದವರು ನೀರಿನ ಪ್ರಮಾಣ ಕಂಡು ತುಟಿ ಕೊಂಕಿಸಿಯಾರು. ಆದರೆ ಆ ನೀರು ಬೀಳುವ ಜಾಗ ವಿಶೇಷವಾದದ್ದು. ಮುಖ್ಯ ಕಣಿವೆಯನ್ನು ದೊಡ್ಡ ಹಿಮನದಿ ಆಳಕ್ಕೆ ಕೊರೆಯಿತು, ಪಕ್ಕದ ಚಿಕ್ಕ ಹಿಮನದಿಗೆ ಅಷ್ಟು ಶಕ್ತಿ ಇರಲಿಲ್ಲ. ಮಂಜು ಕರಗಿದಾಗ ಚಿಕ್ಕ ಕಣಿವೆಯ ಬಾಯಿ ಅಂತರದಲ್ಲೇ ಉಳಿಯಿತು. ನೀರು ಅಲ್ಲಿಂದ ಧುಮುಕದೆ ಬೇರೆ ದಾರಿಯಿಲ್ಲ. ಇಂಥ ತೂಗುಕಣಿವೆಗಳು ಈ ಉದ್ಯಾನದ ತುಂಬ ಇವೆ. ಒಂದನ್ನು ಗುರುತಿಸಿದರೆ ಉಳಿದವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಮುಂದೆ ‘ವೀಪಿಂಗ್ ವಾಲ್’. ರಸ್ತೆಗೆಂದು ಬಂಡೆ ಕಡಿದಾಗ ಒಳಗಿನ ನೀರಿನ ಸೆಲೆಗಳು ತೆರೆದುಕೊಂಡವು. ಜೂನ್-ಜುಲೈನಲ್ಲಿ ಮೇಲಿನ ಹಿಮ ಕರಗಿ ನೇರ ಕಾರಿನ ಮೇಲೇ ಸುರಿಯುತ್ತದೆ. ನೆನೆಯುವ ಭಾಗ್ಯ ಒಳಬದಿಯಲ್ಲಿ ಇಳಿದು ಬರುವವರದು. ಅದಾಗಿ ‘ಟ್ರಿಪಲ್ ಆರ್ಚಸ್’. ಬಂಡೆಯಲ್ಲಿ ದೊಡ್ಡ ಬಿರುಕುಗಳಿದ್ದ ಕಡೆ ತಳದಿಂದ ಗೋಡೆ ಎಬ್ಬಿಸುವ ಬದಲು ಮೂರು ಕಮಾನು ಕಟ್ಟಿ ರಸ್ತೆ ದಾಟಿಸಿದ್ದಾರೆ. ಮೇಲೆ ಹೋಗುವವರಿಗೆ ಕಮಾನು ಕಾಣುವುದೇ ಇಲ್ಲ, ಕೆಳಗೆ ಬಂದು ಹಿಂತಿರುಗಿ ನೋಡಬೇಕು. ಈ ಗೋಡೆ, ಕಮಾನು, ಕಟ್ಟೆಗಳಿಗೆ ಆಯಾ ಜಾಗದ ಬಂಡೆಯನ್ನೇ ಬಳಸಿದ್ದಾರೆ. ಹಾಗಾಗಿ ರಸ್ತೆ ಬೆಟ್ಟದ ಬಣ್ಣದಲ್ಲೇ ಕರಗಿಹೋಗುತ್ತದೆ. ಹಿಮಕುಸಿತದ ಜಾಡಿನಲ್ಲಿ ಕಲ್ಲಿನ ಕಟ್ಟೆ ನಿಲ್ಲದು. ಅಲ್ಲಿ ಕಿತ್ತಿಡಬಹುದಾದ ಮರದ ದಿಮ್ಮಿಗಳ ತಡೆ. ಪ್ರತಿ ಶರತ್ಕಾಲದಲ್ಲಿ ಅವನ್ನು ತೆಗೆದು, ಬೇಸಿಗೆಯಲ್ಲಿ ಮತ್ತೆ ಕೂರಿಸುತ್ತಾರೆ.

ಗಾರ್ಡನ್ ವಾಲ್ ಕಡೆ ಕಣ್ಣು ಹಾಯಿಸಿದರೆ ಮೇಲೆ ಎಲ್ಲೋ ಒಂದು ಕಪ್ಪು ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ ಕಾಣುತ್ತದೆ. ಸುಣ್ಣಕಲ್ಲಿನ ಪದರಗಳ ನಡುವೆ ಶಿಲಾರಸ ನುಗ್ಗಿ ಗಟ್ಟಿಯಾದದ್ದು ಕಪ್ಪು; ಆ ಕಾವಿಗೆ ಬೆಂದ ಸುಣ್ಣಕಲ್ಲು ಬಿಳಿ. ಇಲ್ಲಿನ ಶಿಲೆಗಳಿಗೆ ನೂರಾನಲವತ್ತು ಕೋಟಿ ವರ್ಷಗಳಿಗೂ ಮಿಕ್ಕಿದ ವಯಸ್ಸು. ಪ್ರಾಣಿ-ಮರ ಯಾವುದೂ ಇಲ್ಲದ ಕಾಲದ ಕಡಲ ತಳ ಅದು. ಆಗ ಇದ್ದದ್ದು ಸೂಕ್ಷ್ಮಜೀವಿಗಳ ಲೋಳೆಪದರ ಮಾತ್ರ, ಅದು ಉಳಿಸಿದ ಎಲೆಕೋಸಿನಾಕಾರದ ಪಳೆಯುಳಿಕೆಗಳು ಇಲ್ಲಿನ ಬಂಡೆಗಳಲ್ಲಿವೆ. ಸ್ಟ್ರೊಮಾಟೊಲೈಟ್ ಎಂದು ಅವಕ್ಕೆ ಹೆಸರು. ಅಂಥವು ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಲ್ಲೂ ಸಿಗುತ್ತವೆ. ಇನ್ನೂ ಸೋಜಿಗವೆಂದರೆ ಈ ಮುದಿ ಬಂಡೆಗಳ ಕೆಳಗಿರುವುದು ಡೈನೊಸಾರ್ ಕಾಲದ ಎಳೆಯ ಶಿಲೆ. ಅಜ್ಜ ಮೊಮ್ಮಗನ ಹೆಗಲೇರಿ ಕೂತ ಹಾಗೆ. ಭೂಮಿಯ ಒತ್ತಡಕ್ಕೆ ಹಳೆಯ ಪದರ ಸೀಳಿ, ಎಳೆಯದರ ಮೇಲೆ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ಜಾರಿಬಂದಿದೆ. ಕಾಕತಾಳೀಯವಾದರೂ ಈ ರಸ್ತೆಯೂ ಅಷ್ಟೇ ಉದ್ದ.

ಲೋಗನ್ ಪಾಸ್ 6,646 ಅಡಿ ಎತ್ತರದಲ್ಲಿದೆ. ಇಲ್ಲಿ ಬಿದ್ದ ಮಳೆಹನಿ ಪಶ್ಚಿಮಕ್ಕೆ ಉರುಳಿದರೆ ಶಾಂತಸಾಗರ, ಪೂರ್ವಕ್ಕೆ ಉರುಳಿದರೆ ಸೇಂಟ್ ಮೇರಿ ನದಿಯ ಮೂಲಕ ಕೆನಡಾದ ಹಡ್ಸನ್ ಕೊಲ್ಲಿ. ಗಂಗಾಮೂಲದಲ್ಲಿ ಹುಟ್ಟಿ ತುಂಗೆ, ಭದ್ರೆಯರು ಪೂರ್ವಕ್ಕೂ ನೇತ್ರಾವತಿ ಪಶ್ಚಿಮಕ್ಕೂ ಹೊರಡುವುದನ್ನು ಬಲ್ಲ ನಮಗೆ ಇದು ಪರಿಚಿತ ಕಥೆಯೇ. ಪಾಸ್‌ನ ವಾಹನ ನಿಲುಗಡೆ ಚಿಕ್ಕದು, ಜುಲೈನಲ್ಲಿ ಬೆಳಗಿನ ತಿಂಡಿ ಹೊತ್ತಿಗೇ ತುಂಬಿಹೋಗುತ್ತದೆ. ಅಲ್ಲಿ ಬಿಳಿ ಬೆಟ್ಟದಾಡುಗಳು ಕಾರುಗಳ ನಡುವೆ ಸಾವಕಾಶವಾಗಿ ಓಡಾಡುತ್ತಾ ಎಂಜಿನ್‌ನಿಂದ ಸೋರಿದ ಕೂಲಂಟ್ ನೆಕ್ಕುತ್ತವೆ. ಜನ ಮುಗಿಬಿದ್ದು ಚಿತ್ರ ತೆಗೆಯುತ್ತಾರೆ. ನೋಡಲು ಚೆಂದ, ಯೋಚಿಸಿದರೆ ಅಷ್ಟು ಚೆಂದವಲ್ಲ.

ಈ ರಸ್ತೆ ವರ್ಷದ ಬಹುಕಾಲ ಹಿಮದಡಿ ಮಲಗಿರುತ್ತದೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಪಾಸ್‌ನಿಂದ ತುಸು ಪೂರ್ವಕ್ಕೆ ಗಾಳಿ ತಂದು ಪೇರಿಸುವ ‘ಬಿಗ್ ಡ್ರಿಫ್ಟ್’ ಎಂಬ ಹಿಮರಾಶಿ ಕೆಲವು ವರ್ಷ 80 ಅಡಿ ಮುಟ್ಟುತ್ತದೆ. ಏಪ್ರಿಲ್‌ನಲ್ಲಿ ಹಿಮ ತೆಗೆಯಲು ಶುರುಮಾಡಿದರೆ ರಸ್ತೆ ಪೂರ್ತಿ ತೆರೆಯುವ ಹೊತ್ತಿಗೆ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ. ಅಕ್ಟೋಬರ್‌ನಲ್ಲಿ ಮತ್ತೆ ಬಾಗಿಲು. ಹಿಮದಡಿ ರಸ್ತೆಯ ಅಂಚು ಎಲ್ಲಿದೆ ಎಂದು ತಿಳಿಯದೆ ಬುಲ್ಡೋಜರ್ ಓಡಿಸುವ ಆ ಕೆಲಸಗಾರರಿಗೆ ಹೋಲಿಸಿದರೆ ನಮ್ಮ ಎದೆಬಡಿತ ಏನೂ ಅಲ್ಲ.

ಪೂರ್ವಕ್ಕೆ ಇಳಿಯುತ್ತಿದ್ದಂತೆ ಜಗತ್ತೇ ಬದಲಾಗುತ್ತದೆ. ತೇವ ಹೋಗಿ ಒಣಗಾಳಿ, ದಟ್ಟ ಕಾಡಿನ ಬದಲು ಕುರುಚಲು, ಹುಲ್ಲು. ಜಾಕ್ಸನ್ ಹಿಮನದಿ ಕಾಣುವ ತಾಣದಲ್ಲಿ ನಿಲ್ಲಲೇಬೇಕು. ಉದ್ಯಾನಕ್ಕೆ ಹೆಸರು ಕೊಟ್ಟ ಹಿಮನದಿಗಳು ರಸ್ತೆಗೆ ಚೆನ್ನಾಗಿ ಕಾಣುವುದು ಬಲು ಅಪರೂಪ. ದೂರದಲ್ಲಿ ಬೂದುಬಿಳಿಯ ತೇಪೆಯೊಂದು ಕಂಡು ಇಷ್ಟೇನಾ ಅನ್ನಿಸುತ್ತದೆ. ಹಿಂದೆ ಇದು ಪಕ್ಕದ ಬ್ಲ್ಯಾಕ್‌ಫೂಟ್ ಹಿಮನದಿಯ ಜೊತೆ ಕೂಡಿಕೊಂಡೇ ಇತ್ತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೆಕ್ಕದಲ್ಲಿ 1966ರಿಂದ 2015ರ ನಡುವೆ ಇಲ್ಲಿನ ಹಿಮನದಿಗಳು ಸರಾಸರಿ ಶೇ 39ರಷ್ಟು ಕುಗ್ಗಿವೆ. 2020ರ ಹೊತ್ತಿಗೆ ಅವೆಲ್ಲ ಮಾಯವಾಗುತ್ತವೆ ಎಂದು ಉದ್ಯಾನದಲ್ಲೇ ಫಲಕಗಳಿದ್ದವು. ಆ ವರ್ಷ ಬಂದಾಗ ಹಿಮನದಿಗಳು ಇದ್ದವು, ಫಲಕಗಳನ್ನು ಬದಲಾಯಿಸಬೇಕಾಯಿತು. ಹವಾಮಾನ ಬದಲಾವಣೆ ಸುಳ್ಳು ಎನ್ನುವವರಿಗೆ ಇದು ಹಬ್ಬವಾಯಿತು. ತಪ್ಪಿದ್ದು ತಾರೀಖು ಮಾತ್ರ, ಕರಗುವುದು ನಿಂತಿಲ್ಲ. ಲೆಕ್ಕ ಪಕ್ಕಾ ಇಲ್ಲದೆ ಕಲ್ಲಿನ ಮೇಲೆ ಬರೆದಂತೆ ವರ್ಷ ನಮೂದಿಸಿದವರಿಗೆ ಸ್ವಲ್ಪ ಬೈಯಲೂಬಹುದು.

ಸೇಂಟ್ ಮೇರಿ ಸರೋವರದ ನಡುವೆ ಪುಟ್ಟದೊಂದು ನಡುಗಡ್ಡೆ, ವೈಲ್ಡ್ ಗೂಸ್. ಸಿನಿಮಾ ಪ್ರಿಯರು ಅದನ್ನು ಸ್ಟ್ಯಾನ್ಲಿ ಕುಬ್ರಿಕ್‌ನ ‘ದ ಶೈನಿಂಗ್’ ಚಿತ್ರದ ಮೊದಲ ದೃಶ್ಯದಲ್ಲಿ ನೋಡಿದ್ದಾರೆ. ಆ ಹಳದಿ ಪುಟ್ಟ ಕಾರು ಓಡುವುದು ಇದೇ ರಸ್ತೆಯಲ್ಲಿ. 2015ರ ಕಿಚ್ಚಿನಲ್ಲಿ ಸರೋವರದ ಉತ್ತರದ ದಂಡೆ ಸುಟ್ಟಿತು. ಮರ ಹೋದದ್ದರಿಂದ ನೋಟ ಇನ್ನಷ್ಟು ತೆರೆದುಕೊಂಡಿದೆ.

ಜನದಟ್ಟಣೆಯ ಮಾತು ಬಿಡುವಂತಿಲ್ಲ. ವರ್ಷಕ್ಕೆ ಸುಮಾರು 30 ಲಕ್ಷ ಜನ ಬರುತ್ತಾರೆ, ಹೆಚ್ಚಿನವರು ಬೇಸಿಗೆಯ ಕೆಲವೇ ತಿಂಗಳಲ್ಲಿ, ಇದೊಂದೇ ರಸ್ತೆಗೆ. ಅಗಲ ಮಾಡೋಣವೆಂದರೆ ಬಂಡೆ ಒಡೆಯಬೇಕು. 1997ರಲ್ಲಿ ರಸ್ತೆಗೇ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಮಾನ್ಯತೆ ಸಿಕ್ಕಿದೆ, ಕೈ ಹಚ್ಚುವಂತಿಲ್ಲ. ಉಚಿತ ಷಟಲ್ ಬಸ್ ಬಿಟ್ಟರು. 2021ರಲ್ಲಿ ಕಾರುಗಳಿಗೆ ಮುಂಗಡ ನೋಂದಣಿ ತಂದರು. ನಿಯಮ ವರ್ಷಕ್ಕೊಂದು ರೀತಿ ಬದಲಾಗುವುದರಿಂದ ಹೊರಡುವ ಮೊದಲು ಉದ್ಯಾನದ ಪ್ರಕಟಣೆ ನೋಡಿಕೊಳ್ಳಲೇಬೇಕು. ಸಿಯಾಟಲ್‌ನ ಕನ್ನಡಿಗರಿಗೆ ಇದು ಕಾರಿನಲ್ಲಿ ಒಂದು ಪೂರ್ತಿ ದಿನದ ದಾರಿ. ಅಷ್ಟು ದೂರ ಬಂದು ಗೇಟಿನಲ್ಲಿ ಹಿಂದಿರುಗುವುದು ಬೇಡ. ಒಳಗೆ ಮೊಬೈಲ್ ಸಿಗ್ನಲ್ ಬಹುತೇಕ ಇಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ನಡುಹಗಲು ಪಾಸ್‌ನಲ್ಲಿ ಜಾಗ ಸಿಗದಿದ್ದರೆ ಸಂಜೆ ಬನ್ನಿ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ.

ಸೇಂಟ್ ಮೇರಿಯಲ್ಲಿ ರಸ್ತೆ ಮುಗಿಯುವ ಕಡೆಯೇ ಉದ್ಯಾನದ ಗಡಿ. ಅಲ್ಲಿಂದಾಚೆ ಬ್ಲ್ಯಾಕ್‌ಫೀಟ್ ಮೂಲನಿವಾಸಿಗಳ ಮೀಸಲು ಪ್ರದೇಶ. ನೀವು ಇಳಿದು ಬಂದ ಪೂರ್ವದ ಬೆಟ್ಟಗಳೆಲ್ಲ ಒಂದು ಕಾಲಕ್ಕೆ ಅವರವೇ. 1895ರಲ್ಲಿ, ಬಡತನದಲ್ಲಿದ್ದ ಅವರಿಂದ ಸರ್ಕಾರ ಆ ಬೆಟ್ಟಸಾಲನ್ನು 15 ಲಕ್ಷ ಡಾಲರಿಗೆ ಬರೆಸಿಕೊಂಡಿತು. ಸಂಧಾನಕ್ಕೆ ಬಂದ ಮೂವರಲ್ಲಿ ಒಬ್ಬ ಜಾರ್ಜ್ ಬರ್ಡ್ ಗ್ರಿನ್ನೆಲ್. ಮುಂದೆ ಇಲ್ಲಿ ಉದ್ಯಾನವಾಗಬೇಕೆಂದು ಬರೆದು ಹೋರಾಡಿದವನೂ ಅವನೇ. ಬೇಟೆಯಾಡುವ, ಮೀನು ಹಿಡಿಯುವ, ಸೌದೆ ಕಡಿಯುವ ಹಕ್ಕು ತಮಗೆ ಉಳಿಯಬೇಕೆಂದು ಬ್ಲ್ಯಾಕ್‌ಫೀಟ್ ಜನ ಒಪ್ಪಂದದಲ್ಲಿ ಬರೆಸಿದ್ದರು. 1910ರಲ್ಲಿ ಉದ್ಯಾನವಾದ ಮೇಲೆ ಆ ಹಕ್ಕು ಮುಗಿಯಿತು ಎಂದಿತು ಸರ್ಕಾರ. ಬ್ಲ್ಯಾಕ್‌ಫೀಟ್ ಜನ ಅದನ್ನು ಒಪ್ಪಿಲ್ಲ. ವಿಂಟ್‌ನ ರಸ್ತೆ ಬಂಡೆ, ನೀರು, ಶಿಖರ ಎಲ್ಲವನ್ನೂ ತೋರಿಸುತ್ತದೆ. ಈ ವ್ಯವಹಾರವನ್ನು ತೋರಿಸುವ ತಿರುವು ಅದರಲ್ಲಿಲ್ಲ. ಅದಕ್ಕೆ ಗೈಡ್ ಬೇಕು. ಬ್ಲ್ಯಾಕ್‌ಫೀಟ್ ಜನರೇ ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ ಬಸ್ ಪ್ರವಾಸ ನಡೆಸುತ್ತಾರೆ, ಬೆಟ್ಟಗಳಿಗೆ ತಮ್ಮಲ್ಲಿರುವ ಹೆಸರು ಹೇಳುತ್ತಾರೆ. ಸೇಂಟ್ ಮೇರಿಯಲ್ಲಿ ರಾತ್ರಿ ಉಳಿಯುವವರು ಮರುದಿನ ಕಾರು ಅಲ್ಲೇ ಬಿಟ್ಟು ಅವರ ಬಸ್ಸಿನಲ್ಲಿ ಇನ್ನೊಮ್ಮೆ ಹತ್ತಿ ಬರಬಹುದು. ಕಣ್ಣು ರಸ್ತೆಯ ಮೇಲಿಡುವ ಕೆಲಸವೂ ಅವರದೇ.